ಟಿಪ್ ಹಾಕುವ ಲೆಕ್ಕ

ಹಳೇ ಮೋಟಾರ್‌ಹೋಮ್, ಅಂದರೆ ಒಳಗೇ ಹಾಸಿಗೆ ಅಡುಗೆಮನೆ ಇರುವ ಗಾಡಿ, ಕೊಳ್ಳುವಾಗ ನಮ್ಮ ಆಲ್ಬರ್ಟಾದ ಕಡೆ ಮಾರುವವರಿಗೆ ಮೊದಲೇ ಹೇಳಿಡುತ್ತೇವೆ: ನಾವು ಬರುವ ಮುಂಚೆ ಹೀಟರ್ ಹಚ್ಚಬೇಡಿ, ಎಂಜಿನ್ ಬಿಸಿ ಮಾಡಬೇಡಿ. ಕಾವು ತಾಗಿದರೆ ಗಾಡಿಯ ರೋಗವೆಲ್ಲ ಮುಚ್ಚಿಹೋಗುತ್ತದೆ. ಅಂದು ನಾವು ನೋಡಹೋದ ಗಾಡಿಯ ಒಡತಿ, ಮುದುಕಿ ಆರ್ಲೀನ್, ನನ್ನ ಮಾತು ನಡೆಸಿಕೊಟ್ಟಿದ್ದಳು. ಒಳಗೆ ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು.

ನನ್ನ ಗಂಡ ಲೈಲ್ ಗೋಡೆ ಒತ್ತಿ ಒತ್ತಿ ತೇವ ಹುಡುಕುತ್ತಿದ್ದ. ನಮ್ಮ ಇಬ್ಬರು ಮಕ್ಕಳು ಮೇಲಿನ ಹಾಸಿಗೆ ತನಗೆ ತನಗೆ ಎಂದು ಕಿತ್ತಾಡುತ್ತಿದ್ದರು.

“ಅಮ್ಮಾ, ಇಲ್ಲಿ ಬೆಚ್ಚಗಿದೆ,” ಎಂದಳು ಮಗಳು ಮೇವ್.

ಕೈಯಿಟ್ಟು ನೋಡಿದೆ. ಹಾಸಿಗೆಯ ನಡುವೆ, ಒಂದು ಮಗು ಮುದುರಿ ಮಲಗುವಷ್ಟು ಜಾಗ, ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

“ಇಲ್ಲಿ ಯಾರಾದ್ರೂ ಮಲಗ್ತಾ ಇದ್ರಾ?”

“ಬೀಗ ಹಾಕಿ ಎರಡು ಚಳಿಗಾಲ ಆಯ್ತಮ್ಮ,” ಎಂದಳು ಆರ್ಲೀನ್, ಮೆಟ್ಟಿಲು ಹತ್ತದೆ ಹೊರಗೇ ನಿಂತು.

“ನಡಿ ಲೈಲ್, ಇದು ಬೇಡ,” ಎಂದೆ.

“ಯಾಕೇ? ಗೋಡೆ ಗಟ್ಟಿಯಾಗೇ ಇದೆಯಲ್ಲೇ!”

“ಬೇಡ ಅಂದ್ರೆ ಬೇಡ.”

ನಮ್ಮ ಟಿಪ್ ದನ ಕಾಯುವ ಜಾತಿಯ ನಾಯಿ. ಲೆಕ್ಕ ಹಾಕಿದಂತೆ, ಮಕ್ಕಳೆಲ್ಲ ನಮ್ಮ ಕಾರು ಹತ್ತುವತನಕ ತಾನು ಹತ್ತುವುದಿಲ್ಲ. ಅಂದು ಇಬ್ಬರೂ ಹತ್ತಿ ಕೂತರೂ ಅದು ಆ ಗಾಡಿಯ ಬಾಗಿಲು ಬಿಟ್ಟು ಕದಲಲಿಲ್ಲ.

“ಬಾರೋ ಟಿಪ್, ಎಲ್ಲಾ ಬಂದಾಯ್ತು!” ಎಂದು ಲೈಲ್ ಕೂಗಿದ.

ಗಾಡಿಯ ಖಾಲಿ ಮೆಟ್ಟಿಲು ಕಿರ್ರೆಂದು ಬಗ್ಗಿತು. ಟಿಪ್ ಬಾಲ ಅಲ್ಲಾಡಿಸುತ್ತ, ಕರುವನ್ನು ಮುಂದೆ ಬಿಟ್ಟು ಅಟ್ಟಿಕೊಂಡು ಬರುವ ಹಾಗೆ ಬಂದು, ಕಾರು ಹತ್ತಿ ಮಲಗಿತು.

ಗಾಡಿ ಕೊಳ್ಳಲಿಲ್ಲ. ಇವತ್ತಿಗೂ ಬೆಳಿಗ್ಗೆ ಮಕ್ಕಳಿಬ್ಬರೂ ಸ್ಕೂಲಿಗೆಂದು ಕಾರು ಹತ್ತಿದ ಮೇಲೆ, ಟಿಪ್ ನಮ್ಮ ಮನೆಯ ಬಾಗಿಲು ನೋಡುತ್ತ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ತಾನೂ ಹತ್ತುತ್ತದೆ. ಅಲ್ಲಿಯವರೆಗೆ ನಾನು ಕಾರಿನ ಬಾಗಿಲು ಹಾಕುವುದಿಲ್ಲ.