ಮಂಜು ಹಿಡಿದ ಕನ್ನಡಕ

ಬಾಗಿಲು ತಳ್ಳಿ ಒಳಗೆ ಕಾಲಿಟ್ಟಿದ್ದೇ ತಡ, ಅವಳ ಕನ್ನಡಕಕ್ಕೆ ಆವಿ ಕವಿದು ಲೋಕವೆಲ್ಲ ಬೆಳ್ಳಗಾಯಿತು. ಹೊರಗೆ ಮೂಗು ಕೆಂಪೇರಿಸುವ ಚಳಿ, ಒಳಗೆ ಹೀಟರಿನ ಬಿಸಿ. ಕನ್ನಡಕ ತೆಗೆದರೂ ಅಷ್ಟೆ. ಅದಿಲ್ಲದೆ ಮಾರು ದೂರದ ಮುಖವೂ ಅವಳಿಗೆ ಬರೀ ಮಸುಕು.

ಈ ಅಂಗಡಿಗೆ ಬರಲೇಬಾರದೆಂದು ಬೆಳಿಗ್ಗೆಯಿಂದ ತನ್ನ ಹಳೆಯ ಊರನ್ನೆಲ್ಲ ಸುತ್ತಿದ್ದಳು. ಹಿಂದೆ ಬಾಡಿಗೆಗಿದ್ದ ಕೋಣೆಯ ಕಿಟಕಿಗೆ ಯಾರೋ ಹಳದಿ ಪರದೆ ಹಾಕಿದ್ದು ನೋಡಿ ಸುಮ್ಮಸುಮ್ಮನೆ ಸಿಟ್ಟು ಬಂತು. ಲೈಬ್ರರಿಯ ಮೆಟ್ಟಿಲು ಇನ್ನೂ ಕಿರುಗುಟ್ಟುತ್ತಿದೆಯೆಂದು ಖುಷಿಯಾಯಿತು. ಸೇತುವೆಯ ಮೇಲೆ ಅಂಗೈ ಉಜ್ಜಿಕೊಳ್ಳುತ್ತ ನಿಂತಳು. ಈ ಊರಿಗೇ ವಾಪಸ್ ವರ್ಗ ಬೇಕೋ ಬೇಡವೋ, ಸಂಜೆಯೊಳಗೆ ಆಫೀಸಿಗೆ ತಿಳಿಸಬೇಕಿತ್ತು. ಬೇಡವೆಂದು ಹೇಳಿ ಹೊರಟೇ ಬಿಡುತ್ತಿದ್ದಳು, ಕಾಲುಗಳು ಮಾತು ಕೇಳಿದ್ದರೆ. ಅವು ಅವಳನ್ನು ಸೀದಾ ಈ ಕನ್ನಡಕದ ಅಂಗಡಿಗೆ ಎಳೆದು ತಂದವು.

"ಬನ್ನಿ, ಕೂತ್ಕೊಳ್ಳಿ," ಎಂದಿತು ಕೌಂಟರಿನ ಹಿಂದಿನ ಮಸುಕು.

ಅಂಗಡಿ ನಡೆಸುವ ಅಣ್ಣತಮ್ಮಂದಿರಲ್ಲಿ ಇದು ಅಣ್ಣನೋ ತಮ್ಮನೋ? ಇಬ್ಬರದೂ ಒಂದೇ ದನಿ. ತಮ್ಮನಾಗಿದ್ದರೆ ಇಷ್ಟು ಮರ್ಯಾದೆ ಎಲ್ಲಿ, 'ಬಾರೇ ಸೋಡಾಬುಡ್ಡಿ' ಅನ್ನುತ್ತಿದ್ದ.

"ಚೆನ್ನಾಗಿದ್ದೀರಾ ಅಣ್ಣ? ನಿಮ್ಮ ತಮ್ಮ... ಇಲ್ವಾ?"

ಮಸುಕು ಒಂದು ಗಳಿಗೆ ತಡವರಿಸಿತು. "ಇಲ್ಲ, ಹೊರಗೆ ಹೋಗಿದ್ದಾನೆ. ಕನ್ನಡಕ ಕೊಡಿ, ಒರೆಸಿಕೊಡ್ತೀನಿ."

ಕೊಟ್ಟಳು. 'ಹಾ' ಎಂದು ಗಾಜಿನ ಮೇಲೆ ಬಾಯಿಯಿಂದ ಊದಿದ ಸದ್ದು. ಆಮೇಲೆ ಅಂಗಿಯ ಚುಂಗು ಎಳೆದು ಗಸಗಸ ಉಜ್ಜಿದ ಸದ್ದು. ಒರೆಸಲು ಮೆತ್ತನೆಯ ಬಟ್ಟೆ ಪಕ್ಕದಲ್ಲೇ ಇದ್ದರೂ ಅಂಗಿಯಲ್ಲಿ ಉಜ್ಜುವ ಈ ಚಾಳಿಗೆ ಅಣ್ಣನಿಂದ ದಿನಾ ಬೈಸಿಕೊಳ್ಳುತ್ತಿದ್ದವನು ತಮ್ಮ.

ಕಳ್ಳ! ಉಕ್ಕಿ ಬಂದ ನಗುವನ್ನು ತುಟಿ ಕಚ್ಚಿ ನುಂಗಿದಳು. ಎದುರಿಗೆ ಮುಖ ಕಂಡಾಗ ಎಂದೂ ಬಾಯಿಗೆ ಬಾರದ ಮಾತು, ಮಸುಕಿನೆದುರು ಸುಲಭವೆನಿಸಿತು.

"ಅವನಿಗೆ ಮದುವೆ ಆಯ್ತಾ?"

"ಅವನಿಗಾ? ಯಾರು ಕೊಡ್ತಾರೆ ಹೆಣ್ಣು!"

"ನಂಗಂತೂ ಅವನ ಮೇಲೆ ಕೋಪ ಇದೆ. ನಾನು ಊರು ಬಿಡೋ ದಿನ ಸ್ಟೇಷನ್ನಿಗೆ ಬರ್ತೀನಿ ಅಂದಿದ್ದ. ಬರ್ಲೇ ಇಲ್ಲ."

"ಬಂದಿದ್ದ!" ಮಸುಕಿನ ದನಿ ಏರಿತು. "ಎದುರು ಪ್ಲಾಟ್‌ಫಾರ್ಮಲ್ಲಿ ನಿಂತು ಕೈ ಬೀಸಿದ್ದೇ ಬೀಸಿದ್ದು. ನೀವು ನೆಟ್ಟಗೆ ನೋಡಿ ಮುಖ ತಿರುಗಿಸಿಬಿಟ್ರಿ... ಅಂತ ಹೇಳ್ತಿದ್ದ."

ಇಷ್ಟು ವರ್ಷದ ಬಿಗುಮಾನಕ್ಕೆ ಕಾರಣ ಇದಾ?

"ಆಗ ನನ್ನ ಮುಖದ ಮೇಲೆ ಕನ್ನಡಕ ಇತ್ತಂತಾ?"

ಗಾಜು ಉಜ್ಜುತ್ತಿದ್ದ ಸದ್ದು ತಟ್ಟನೆ ನಿಂತಿತು.

"ಕೈಯಲ್ಲಿತ್ತು. ಅಳ್ತಾ ಇದ್ದೆ. ಅಳುವಾಗ ಯಾರಾದ್ರೂ ಕನ್ನಡಕ ಹಾಕ್ಕೊಳ್ತಾರಾ? ನನ್ನ ಕನ್ನಡಕದ ನಂಬರು ಅವನಿಗೆ ಬಾಯಿಪಾಠ. ಎದುರಿಗೆ ಆನೆ ನಿಂತಿದ್ರೂ ನನಗೆ ಕಾಣಲ್ಲ ಅಂತ ಹೊಳೀಲಿಲ್ವಾ?"

ಮಸುಕು ಹಣೆ ಹಣೆ ಚಚ್ಚಿಕೊಂಡಿತು.

"ಅವನಿಗೆ ಹೇಳಿಬಿಡಿ," ಎಂದಳು. ಈಗ ಅದು ಆಟವಾಗಿರಲಿಲ್ಲ. "ನನಗೆ ಅವನಂದ್ರೆ ಇಷ್ಟ. ಆಗ್ಲೂ ಇತ್ತು, ಈಗ್ಲೂ ಇದೆ. ಈ ಊರಿಗೇ ವರ್ಗ ಕೊಡ್ತೀವಿ ಅಂತಿದ್ದಾರೆ. ಬರ್ಲಾ, ಬೇಡ್ವಾ, ಅವನೇ ಹೇಳ್ಲಿ."

ಬೆಚ್ಚಗಿನ ಬೆರಳುಗಳು ಅವಳ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಕೂರಿಸಿದವು. ಮಸುಕು ಮುಖವಾಯಿತು. ಕೆನ್ನೆಯ ಪಕ್ಕ ನಾಲ್ಕು ಬಿಳಿ ಕೂದಲು. ಕಣ್ಣು ಅವೇ, ಈಗ ಒದ್ದೆ.

"ಯಾವಾಗ ಗೊತ್ತಾಯ್ತು?" ಎಂದ.

"ಅಂಗಿಯಲ್ಲಿ ಒರೆಸಿದಾಗ. ನೀನ್ಯಾಕೆ ಸುಳ್ಳು ಹೇಳಿದೆ?"

"ನಾನು ಅಂತ ಗೊತ್ತಾದ್ರೆ ಮತ್ತೆ ಮುಖ ತಿರುಗಿಸ್ತೀಯೇನೋ ಅಂತ ಭಯ ಆಯ್ತು."

ಒಳಕೋಣೆಯ ಪರದೆಯ ಹಿಂದಿನಿಂದ ನಿಜವಾದ ಅಣ್ಣನ ಗದರಿಕೆ ಕೇಳಿಸಿತು. "ಅವಳು ಕೇಳಿದ್ದಕ್ಕೆ ಉತ್ತರ ಕೊಡೋ ಮಹಾರಾಯ! ಎಷ್ಟು ಹೊತ್ತು ಅಂತ ಕೆಮ್ಮು ತಡ್ಕೊಂಡು ಕೂರ್ಲಿ ನಾನು?"

ಅವನು ನಕ್ಕ. ಅವಳ ತಣ್ಣನೆಯ ಕೈಗಳನ್ನು ತನ್ನ ಕೈಗಳೊಳಗೆ ಮುಚ್ಚಿಕೊಂಡ.

"ಬಾರೇ, ಸೋಡಾಬುಡ್ಡಿ."

ಅವಳ ಕನ್ನಡಕ ಮತ್ತೆ ಮಸುಕಾಯಿತು. ಈ ಸಲ ಅವಳು ಅದನ್ನು ತೆಗೆಯಲಿಲ್ಲ.