ಒಂದು ಬಾಟಲಿ ಕಡಲು

“ನನ್ನ ಕಡಲು ಎಲ್ಲಿ ಹೋಯ್ತು?”

ಸಭಾಂಗಣದ ಹಿಂದಿನ ಪುಟ್ಟ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಅವನು ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಲೋಟಗಳ ತಟ್ಟೆ ಗಲಗಲ ಅಂದಿತು.

“ರೀ, ಮೆತ್ತಗೆ ಮಾತಾಡ್ರೀ! ಹೊರಗೆ ಸಭೆ ನಡೀತಿದೆ.”

“ಈ ಫ್ರಿಜ್‌ನಲ್ಲಿ ಒಂದು ಗಾಜಿನ ಬಾಟಲಿ ಇಟ್ಟಿದ್ದೆ. ಮೇಲಿನ ಅರೆಯಲ್ಲಿ. ಅದರಲ್ಲಿದ್ದದ್ದು ಕಡಲ ನೀರು. ಎಲ್ಲಿ ಅದು?”

ಮೊಣಕೈವರೆಗೆ ಮಡಚಿದ ತೋಳು, ಕೆದರಿದ ಕೂದಲು, ಮಗು ಕಳೆದುಕೊಂಡವನ ಹಾಗೆ ಗಾಬರಿ ತುಂಬಿದ ಕಣ್ಣು. ಛೇ, ಇಷ್ಟು ಚೆಂದದ ಕಣ್ಣುಗಳನ್ನು ದೇವರು ಇಂಥ ಹುಚ್ಚನಿಗೆ ಯಾಕೆ ಕೊಟ್ಟ ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಆದರೆ ಮರುಕ್ಷಣವೇ ಅವಳಿಗೆ ನೆನಪಾಯಿತು.

ಮೇಲಿನ ಅರೆ... ಗಾಜಿನ ಬಾಟಲಿ... ಅಯ್ಯೋ! ಅದನ್ನು ಈಗಷ್ಟೇ ಜಗ್‌ಗೆ ಸುರಿದು ವೇದಿಕೆಯ ಮೇಲೆ ಇಟ್ಟು ಬಂದಿದ್ದೆನಲ್ಲಾ!

ಇಬ್ಬರೂ ಬಿದ್ದೆವೋ ಎದ್ದೆವೋ ಎಂದು ಓಡಿದರು. ಏನು ಪ್ರಯೋಜನ? ಅಂದಿನ ಮುಖ್ಯ ಅತಿಥಿ, ಜೀವನವೆಲ್ಲ ಹಡಗಿನಲ್ಲೇ ಕಳೆದ ದಪ್ಪ ಮೀಸೆಯ ಕ್ಯಾಪ್ಟನ್, “ಕಡಲು ನಮಗೆ ಏನೆಲ್ಲ ಕೊಟ್ಟಿದೆ ಅಂದರೆ...” ಎಂದು ಮಾತು ನಿಲ್ಲಿಸಿ, ಲೋಟ ಎತ್ತಿ, ಗಟಗಟ ಕುಡಿದೇಬಿಟ್ಟರು.

ಫುರ್ರ್!

ಕಡಲು ಹೋಗಿ ಬಿದ್ದದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಡೈರೆಕ್ಟರ್ ಮೇಡಂ ಮಡಿಲಿಗೆ. ಯಾರೋ ಕಿಸಕ್ಕೆಂದರು. ಆಮೇಲೆ ಕೇಳಬೇಕೆ, ಸೂರು ಹಾರಿಹೋಗುವಂಥ ನಗು!

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಇಂಥ ಎಡವಟ್ಟು ಈ ಇಬ್ಬರಿಂದಲ್ಲದೆ ಇನ್ಯಾರಿಂದಲೂ ಆಗುತ್ತಿರಲಿಲ್ಲ, ಕೇಳಿ. ಅವಳು ವಿಶ್ವವಿದ್ಯಾಲಯದಲ್ಲಿ ಊರ ಜನರಿಗಾಗಿ ಕಾರ್ಯಕ್ರಮ ನಡೆಸುವವಳು. ಭಾಷಣಕಾರರ ಸಮಯ ಮುಗಿದರೆ ಸಾಕು, ದೊಡ್ಡವರು ಚಿಕ್ಕವರು ಎಂದು ನೋಡದೆ ಹಿತ್ತಾಳೆ ಗಂಟೆ ಬಾರಿಸಿಬಿಡುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗಂಟೆಮ್ಮ. ಅವಳೇ ಹುಟ್ಟುಹಾಕಿದ ‘ಕಡಲ ವಾರ’ದಲ್ಲಿ ಪ್ಲಾಸ್ಟಿಕ್‌ಗೆ ಪ್ರವೇಶವಿಲ್ಲ. ಕುಡಿಯುವ ನೀರೆಲ್ಲ ಗಾಜಿನ ಬಾಟಲಿಯಲ್ಲಿ.

ಅವನು ಕಡಲ ನೀರಿನಲ್ಲಿ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಚೂರು ಎಷ್ಟಿದೆ ಎಂದು ಹುಡುಕುವ ಮೇಷ್ಟ್ರು. ವಿದ್ಯಾರ್ಥಿಗಳು ಇಟ್ಟ ಹೆಸರು ಬಾಟಲಿ ಮೇಷ್ಟ್ರು. ತಪ್ಪು ತಿಳಿಯಬೇಡಿ, ಪಾಪ, ಅವನು ಕಾಫಿ ಬಿಟ್ಟರೆ ಬೇರೇನೂ ಕುಡಿಯುವವನಲ್ಲ! ಅವನ ನೀರಿಗೂ ಗಾಜಿನ ಬಾಟಲಿಯೇ ಆಗಬೇಕು. ಪ್ಲಾಸ್ಟಿಕ್ ಬೆರೆತೀತು ಎಂದು ಅಂಟಿನ ಚೀಟಿಯೂ ಕೂಡದು, ಚಾಕ್‌ಪೀಸ್‌ನಲ್ಲಿ ಬರೆಯಬೇಕು. ಅಂದು ಅವನ ಪ್ರಯೋಗಾಲಯದ ಫ್ರಿಜ್ ಕೆಟ್ಟಿತ್ತು. ಒಂದು ಬಾಟಲಿಗೆ ಜಾಗ ಸಿಗದೆ, ಯಾರನ್ನೂ ಕೇಳದೆ ಅವಳ ಫ್ರಿಜ್‌ನಲ್ಲಿ ಇಟ್ಟು ಹೋದ. ತೇವಕ್ಕೆ ಅಕ್ಷರ ಅಳಿಸಿತು.

ಇನ್ನೊಂದು ವಿಷಯವೂ ಇದೆ. ವೇದಿಕೆಗೆ ನೀರು ಹೋಗುವ ಮೊದಲು ಅದರಲ್ಲಿ ಒಂದು ಗುಟುಕು ತಾನು ಕುಡಿದು ನೋಡಬೇಕು ಎಂಬುದು ಅವಳು ತನಗೆ ತಾನೇ ಹಾಕಿಕೊಂಡ ನಿಯಮ. ಅಂದು ವೇದಿಕೆಯ ಬ್ಯಾನರ್ ಒಂದು ಕಡೆ ಕಳಚಿ ಜೋತುಬಿತ್ತು. ಹೊಲಿಗೆ ಅಂಗಡಿ ಇಟ್ಟಿದ್ದ ಅವಳ ಅಕ್ಕ ಹಳೇ ಹಾಸಿಗೆ ಬಟ್ಟೆಯಲ್ಲಿ ಹೊಲಿದುಕೊಟ್ಟ ಬ್ಯಾನರ್ ಅದು. ‘ಕಡಲು’ ಎಂಬ ಅಕ್ಷರಗಳ ಹಿಂದಿನಿಂದ ಎರಡು ಸೂರ್ಯಕಾಂತಿ ಹೂ ಇಣುಕುತ್ತಿದ್ದವು. ಅದನ್ನು ಕಟ್ಟುವ ಗಡಿಬಿಡಿಯಲ್ಲಿ ಆ ಒಂದು ಗುಟುಕು ತಪ್ಪಿಹೋಯಿತು. ಇದು ಅವಳೊಬ್ಬಳಿಗೇ ಗೊತ್ತಿತ್ತು.

ಸಭೆ ಮುಗಿದ ಮೇಲೆ ನೋಡುತ್ತಾಳೆ, ಅವನು ಡೈರೆಕ್ಟರ್ ಮೇಡಂ ಕೋಣೆಯಿಂದ ಹೊರಗೆ ಬರುತ್ತಿದ್ದಾನೆ! ಅವಳನ್ನು ಕಂಡು ತಲೆ ತಗ್ಗಿಸಿ ನಡೆದುಬಿಟ್ಟ.

‘ಓಹೋ... ಚಾಡಿ ಹೇಳಿ ಬಂದಾಯ್ತು!’ ಅವಳ ಮೈಯೆಲ್ಲ ಉರಿಯಿತು.

ಒಳಗೆ ಮೇಡಂ ಇನ್ನೂ ಬಟ್ಟೆ ಒರೆಸಿಕೊಳ್ಳುತ್ತಿದ್ದರು.

“ಮುಂದಿನ ವರ್ಷ ಈ ಕಡಲ ವಾರ ಇರಬೇಕಾ, ನಿಲ್ಲಿಸಬೇಕಾ ಅಂತ ಕೊನೇ ದಿನ ಹೇಳ್ತೀನಿ. ಈಗ ನೀನು ಹೇಳು, ಏನಾಯ್ತು?”

ನಿಲ್ಲಿಸೋದಾ? ಕಡಲ ವಾರವೆಂದರೆ ಅವಳಿಗೆ ಬರೀ ಕೆಲಸವಲ್ಲ. ಕಳೆದ ಬಿರುಗಾಳಿಯಲ್ಲಿ ಕಡಲು ದಂಡೆ ದಾಟಿ ಬೀದಿಗೆ ನುಗ್ಗಿದಾಗ ಯಾರಿಗೂ ಎಲ್ಲಿಗೆ ಓಡಬೇಕು ಎಂದೇ ಗೊತ್ತಿರಲಿಲ್ಲ. ಇನ್ನೊಮ್ಮೆ ಹಾಗಾಗಬಾರದು ಎಂದು ಹಟ ಹಿಡಿದು ಬೆಳೆಸಿದ ಕೂಸು ಅದು.

“ಮೇಡಂ, ಹೇಳದೆ ಕೇಳದೆ ನನ್ನ ಫ್ರಿಜ್‌ನಲ್ಲಿ ಬಾಟಲಿ ಇಟ್ಟವರು ಅವರು. ತಪ್ಪೆಲ್ಲ ಅವರದ್ದೇ!”

ತಪ್ಪಿಹೋದ ಗುಟುಕಿನ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಮೇಡಂ ಅವಳನ್ನೇ ಒಂದು ಥರ ನೋಡಿದರು. “ಹೌದಾ? ಸರಿ, ಹೋಗು.”

ಮನೆಗೆ ಬಂದು ತಟ್ಟೆ ಮುಂದೆ ಕೂತರೂ ಅವಳ ಬಾಯಿ ನಿಲ್ಲಲಿಲ್ಲ.

“ಎಷ್ಟು ಕೊಬ್ಬು ಗೊತ್ತಾ ಅಕ್ಕಾ ಅವನಿಗೆ? ತಾನೇ ತಪ್ಪು ಮಾಡಿ, ತಾನೇ ದೂರು ಕೊಟ್ಟು... ಆ ಕೂದಲೋ, ಬಾಚಣಿಗೆ ಕಂಡು ಯಾವ ಕಾಲ ಆಯ್ತೋ! ಕಣ್ಣು ಮಾತ್ರ...”

“ಕಣ್ಣು ಮಾತ್ರ?” ಅಕ್ಕ ದಾರ ಹಲ್ಲಲ್ಲಿ ಕಡಿದು ನಕ್ಕಳು.

“ಏನಿಲ್ಲ!”

“ಊಟಕ್ಕೆ ಕೂತಾಗಿಂದ ಬರೀ ಅವನ ಪುರಾಣವೇ ಆಯ್ತಲ್ಲೇ. ಸಿಟ್ಟು ಬಂದಿರೋದು ಅವನ ಮೇಲಾ, ನಿನ್ನ ಮೇಲಾ?”

ಅವಳು ತಟ್ಟೆ ತೊಳೆಯುವ ನೆಪದಲ್ಲಿ ಎದ್ದುಹೋದಳು.

ಮರುದಿನ ಬೆಳಿಗ್ಗೆ ಅವಳು ಸಭಾಂಗಣದ ಕಂಬಗಳಿಗೆ ನೀಲಿ ಬಟ್ಟೆ ಕಟ್ಟಲು ಒದ್ದಾಡುತ್ತಿದ್ದಳು. ಬಿರುಗಾಳಿಯ ದಿನ ಬೀದಿಯಲ್ಲಿ ನೀರು ಎಷ್ಟು ಎತ್ತರ ಬಂದಿತ್ತೋ ಅಷ್ಟೇ ಎತ್ತರಕ್ಕೆ ಕಟ್ಟಬೇಕು. ಅದು ಅವಳ ತಲೆಗಿಂತ ಮೇಲಿತ್ತು. ಹಿಂದಿನಿಂದ ಯಾರೋ ಏಣಿ ತಂದಿಟ್ಟರು.

“ನಾನು ಕಟ್ಟಲಾ?” ಬಾಟಲಿ ಮೇಷ್ಟ್ರು!

“ಬೇಡ.”

“ಏಣಿಯಾದ್ರೂ ಹಿಡ್ಕೊಳ್ಲಾ?”

“ಬೇಡ ಅಂದ್ನಲ್ಲ!”

ಅವನು ಹಿಡಿದುಕೊಂಡೇ ನಿಂತ. ಕುರ್ಚಿ ಜೋಡಿಸಿದ, ಕೆಟ್ಟ ಮೈಕು ಸರಿಮಾಡಿದ, ದಿನವೂ ಬಂದ. ಒಂದು ದಿನ ದಂಡೆಯ ಬೀದಿಯ ಮುದುಕಿಯೊಬ್ಬಳು ಆ ನೀಲಿ ಬಟ್ಟೆ ಮುಟ್ಟಿ, “ನಮ್ಮ ಮನೆ ಕಿಟಕಿ ಇಷ್ಟೇ ಎತ್ತರ ಕಣಪ್ಪ... ಅವತ್ತು ಕಿಟಕಿಯಿಂದಲೇ ನನ್ನ ಎತ್ತಿ ಹೊರಗೆ ಹಾಕಿದ್ರು” ಎಂದು ಶುರುಮಾಡಿದಳು. ಅವನು ನೆಲದ ಮೇಲೆ ಕೂತು, ಒಂದು ಮಾತೂ ನಡುವೆ ಆಡದೆ ಅವಳ ಕಥೆ ಪೂರ್ತಿ ಕೇಳಿದ. ದೂರದಿಂದ ನೋಡುತ್ತಿದ್ದ ಗಂಟೆಮ್ಮನ ಮನಸ್ಸು ಯಾಕೋ ಕರಗಿತು. ಆ ದಿನ ಅವಳು ಗಂಟೆ ಬಾರಿಸುವುದನ್ನೇ ಮರೆತಳು!

ಸಂಜೆ ಅವನೇ ಹತ್ತಿರ ಬಂದು ಕೇಳಿದ, “ಇನ್ನೂ ಸಿಟ್ಟಾ?”

ಕರಗಿದ್ದ ಮನಸ್ಸಿಗೆ ಡೈರೆಕ್ಟರ್ ಕೋಣೆಯ ಬಾಗಿಲು ನೆನಪಾಯಿತು.

“ಬೆನ್ನ ಹಿಂದೆ ಚಾಡಿ ಹೇಳೋರ ಮೇಲೆ ನನಗೆ ಸಿಟ್ಟು ಬರಲ್ಲ. ಅಸಹ್ಯ ಆಗುತ್ತೆ.”

ಅವನ ಮುಖ ಬಾಡಿತು. ಏಣಿ ಹೆಗಲಿಗೇರಿಸಿ ಹೊರಟುಹೋದ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಕೊನೆಯ ದಿನ. ಕಾಲಿಡಲು ಜಾಗವಿಲ್ಲದಷ್ಟು ಜನ! ಕೊನೆಯ ಮಾತು ಬಾಟಲಿ ಮೇಷ್ಟ್ರದ್ದು. ವೇದಿಕೆಯ ಹಿಂದೆ ದಪ್ಪ ಮೀಸೆಯ ಕ್ಯಾಪ್ಟನ್ ಪ್ರತ್ಯಕ್ಷ.

“ಏನಮ್ಮಾ, ಇವತ್ತಿನ ನೀರಿಗೆ ಉಪ್ಪು ಹದವಾಗಿದೆಯಾ?”

“ಅಯ್ಯೋ ಕ್ಷಮಿಸಿ ಸಾರ್...”

“ಎಷ್ಟು ಜನ ಕ್ಷಮೆ ಕೇಳ್ತೀರಪ್ಪಾ! ಆ ಹುಡುಗ ಅವತ್ತೇ ಸಂಜೆ ನಮ್ಮ ಮನೆಗೆ ಬಂದಿದ್ದ. ‘ತಪ್ಪೆಲ್ಲ ನಂದೇ ಸಾರ್, ಡೈರೆಕ್ಟರ್ ಹತ್ರನೂ ಹಾಗೇ ಹೇಳಿ ಬಂದಿದ್ದೀನಿ. ಆ ಹುಡುಗಿಗೆ ಕಡಲ ವಾರ ಅಂದ್ರೆ ಪ್ರಾಣ, ನೀವು ದಯವಿಟ್ಟು ಬೇಜಾರು ಮಾಡ್ಕೋಬೇಡಿ’ ಅಂದ.”

ಚಾಡಿಯಲ್ಲ... ಅವನು ಅವಳನ್ನು ಉಳಿಸಲು ಹೋಗಿದ್ದ! ತಪ್ಪನ್ನೆಲ್ಲ ಅವನೂ ತನ್ನ ತಲೆಗೇ ಕಟ್ಟಿಕೊಂಡ, ಅವಳೂ ಅವನ ತಲೆಗೇ ಕಟ್ಟಿದಳು. ‘ಅಸಹ್ಯ ಆಗುತ್ತೆ ಅಂದೆನಲ್ಲಾ... ಥೂ, ನನ್ನ ಬಾಯಿಗಿಷ್ಟು!’

ವೇದಿಕೆಯ ಮೇಲೆ ಅವನ ಬಾಟಲಿಗಳು ಸಾಲಾಗಿ ನಿಂತಿದ್ದವು. ದಂಡೆಯ ಒಂದೊಂದು ಜಾಗಕ್ಕೆ ಒಂದೊಂದು ಬಾಟಲಿ. ನಡುವೆ ಒಂದು ಜಾಗ ಮಾತ್ರ ಖಾಲಿ. ದಂಡೆಯ ಬೀದಿಯ ಮುದುಕಿಯೇ ಎದ್ದು ಕೇಳಿದಳು.

“ಅಲ್ಲೊಂದು ಹಲ್ಲು ಬಿದ್ದಿದೆಯಲ್ಲ ಮೇಷ್ಟ್ರೇ, ಯಾಕೆ?”

ಅವನು ಸುಮ್ಮನೆ ನಕ್ಕ. “ಅದು ದೀಪಸ್ತಂಭದ ಆಚೆಯ ನೀರು ಅಜ್ಜಿ. ನನ್ನ ಅಜಾಗರೂಕತೆಯಿಂದಲೇ...”

ಢಣ್! ಢಣ್! ಢಣ್!

ಅವನು ಬೆಚ್ಚಿದ. “ನನಗೆ... ಇನ್ನೂ ಸಮಯ ಇದೆಯಲ್ಲ?”

“ನಿಮ್ಮ ಭಾಷಣಕ್ಕೆ ಇದೆ. ಈ ಸುಳ್ಳಿಗೆ ಇಲ್ಲ!”

ಯಾವತ್ತೂ ಬಾಗಿಲ ಬಳಿಯೇ ನಿಂತಿರುತ್ತಿದ್ದ ಗಂಟೆಮ್ಮ ಗಂಟೆ ಹಿಡಿದುಕೊಂಡೇ ವೇದಿಕೆ ಹತ್ತಿದಳು. ಮುಂದಿನ ಸಾಲಿನಲ್ಲೇ ಡೈರೆಕ್ಟರ್ ಮೇಡಂ. ನಿಜ ಆಡಿದರೆ ಕಡಲ ವಾರ ಹೋಗಬಹುದು. ಆಡದಿದ್ದರೆ?

“ಆ ಬಾಟಲಿ ಕಳೆದದ್ದು ನನ್ನಿಂದ. ನೀರು ಕುಡಿದು ನೋಡದೆ ನಾನು ಯಾರಿಗೂ ಕೊಡಲ್ಲ. ಅವತ್ತು ನೋಡಲಿಲ್ಲ. ಮೇಡಂ ಕೇಳಿದಾಗ ಅದನ್ನ ಮುಚ್ಚಿಟ್ಟು, ತಪ್ಪೆಲ್ಲ ಇವರದ್ದೇ ಅಂದೆ. ಇವರು ವಾರವೆಲ್ಲ ನನಗಾಗಿ ಏಣಿ ಹೊತ್ತರು... ನಾನು ಇವರಿಗೆ ಬಾಯಿಗೆ ಬಂದಂತೆ ಅಂದೆ.” ಅವಳು ಮೇಡಂ ಕಡೆ ತಿರುಗಿದಳು. “ನನ್ನಿಂದಾಗಿ ಕಡಲ ವಾರ ನಿಲ್ಲೋದಾದ್ರೆ ನಿಲ್ಲಲಿ. ಆದ್ರೆ ಇವರ ಮೇಲೆ ಮಾತ್ರ ತಪ್ಪು ಬೇಡ.”

ಡೈರೆಕ್ಟರ್ ಮೇಡಂ ನಿಧಾನವಾಗಿ ಎದ್ದರು.

“ಅವತ್ತು ಬಟ್ಟೆ ಒದ್ದೆಯಾಗಿ ನನಗೆ ಕೆಂಡದಂಥ ಕೋಪ ಬಂದಿತ್ತು, ನಿಜ. ಆದರೆ ಕ್ಯಾಪ್ಟನ್ ಕಡಲು ಕುಡಿದ ಸಭಾಂಗಣ ನೋಡಬೇಕು ಅಂತ ಊರೆಲ್ಲ ಬಂತು! ಬಂದವರು ಬಿರುಗಾಳಿ ಬಂದ್ರೆ ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಕಲಿತು ಹೋದರು. ಇನ್ನೇನು ಬೇಕು? ಈಗ ಸತ್ಯವನ್ನೂ ಹೇಳಿದೀಯ. ಮುಂದಿನ ವರ್ಷವೂ ಕಡಲ ವಾರ ಇರುತ್ತೆ. ನಾನು ಮಾತ್ರ ಮುಂದಿನ ಸಾಲಲ್ಲಿ ಕೂರಲ್ಲಮ್ಮ!”

ಚಪ್ಪಾಳೆಯೋ ಚಪ್ಪಾಳೆ! ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಕೊನೆಯ ಸಾಲಿನಲ್ಲಿದ್ದ ಅಕ್ಕ.

ಜನ ಹೋದ ಮೇಲೆ ಅವಳು ವೇದಿಕೆಯ ಅಂಚಿಗೆ ಬಂದು ಕೂತಳು. ವಾರದಲ್ಲಿ ಮೊದಲ ಸಲ ಕೂತದ್ದು. ಅವನು ಬಂದು ಪಕ್ಕದಲ್ಲಿ ಕೂತು, ಜಗ್‌ನಿಂದ ಲೋಟಕ್ಕೆ ನೀರು ಬಗ್ಗಿಸಿ, ಮೊದಲು ತಾನೊಂದು ಗುಟುಕು ಕುಡಿದು, ಆಮೇಲೆ ಲೋಟ ಅವಳ ಕಡೆ ಚಾಚಿದ.

“ಸಿಹಿನೀರೇ. ನೋಡಿದ್ದೀನಿ.”

ಅವಳ ಕಣ್ಣು ತುಂಬಿ ಬಂತು. “ನಾನು ಅಷ್ಟೆಲ್ಲ ಅಂದ್ರೂ ಯಾಕೆ ದಿನಾ ಬಂದ್ರಿ?”

“ಮೊದಲ ದಿನ ಕ್ಷಮೆ ಕೇಳೋಕೆ ಬಂದೆ. ಆಮೇಲೆ...” ಅವನ ಕಿವಿ ಕೆಂಪಾಯಿತು. “ಆಮೇಲೆ ಬರದೆ ಇರೋಕೆ ಆಗಲಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ. ಜೀವನ ಪೂರ್ತಿ ಮೊದಲ ಗುಟುಕು ನಾನೇ ಕುಡೀತೀನಿ. ಉಪ್ಪಾಗಿದ್ರೆ ನನಗಿರಲಿ.”

ಅವಳು ನಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು.

“ಅಳ್ತಿದ್ದೀರಾ?”

“ಇಲ್ಲಪ್ಪಾ! ನಿಮ್ಮ ಖಾಲಿ ಬಾಟಲಿ ತುಂಬಿಸ್ತಿದ್ದೀನಿ.”

“ಅಷ್ಟು ಸಾಲಲ್ಲ. ನಾಳೆ ದೋಣಿ ಹೊರಡುತ್ತೆ, ದೀಪಸ್ತಂಭದ ಆಚೆಗೆ. ಬರ್ತೀರಾ?”

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. “ಯಾರಿಗೂ ಹೇಳಬೇಡಿ... ನಾನು ಇವತ್ತಿನವರೆಗೂ ದೋಣಿ ಹತ್ತಿಲ್ಲ. ಭಯ.”

“ಕಡಲ ವಾರ ಮಾಡೋರಿಗೇ ಕಡಲ ಭಯನಾ?” ಅವನು ಬಿದ್ದು ಬಿದ್ದು ನಕ್ಕ. ಮೆಲ್ಲಗೆ ಅವಳ ಕೈ ಹಿಡಿದುಕೊಂಡ. “ಹೀಗೇ ಹಿಡ್ಕೊಂಡಿರ್ತೀನಿ.”

“ದಡಕ್ಕೆ ಬಂದ ಮೇಲೆ ಬಿಟ್ಟುಬಿಡ್ತೀರಾ?”

“ಗಂಟೆ ಇರೋದು ನಿಮ್ಮ ಹತ್ರ. ಸಮಯ ಮುಗೀತು ಅಂತ ನೀವು ಬಾರಿಸೋವರೆಗೂ ಬಿಡಲ್ಲ.”

ಅವಳು ಮಡಿಲಲ್ಲಿದ್ದ ಹಿತ್ತಾಳೆ ಗಂಟೆಯನ್ನು ಎತ್ತಿ ಅವನ ಇನ್ನೊಂದು ಕೈಗೆ ಕೊಟ್ಟಳು.

“ತಗೋ. ಇನ್ಮೇಲೆ ನೀನೇ ಇಟ್ಕೋ.”