ಎಡಗಡೆಯ ಹಿಂದಿನ ಚಕ್ರ

"ಹಿಂದೆ ಸರೀರಿ!"

ಹೇಳಿ ಮುಗಿಸುವಷ್ಟೂ ಪುರುಸೊತ್ತಿರಲಿಲ್ಲ. ಅವಳ ಕೈಯಲ್ಲಿದ್ದ, ನಟ್ಟು ಬಿಚ್ಚುವ ಬ್ಯಾಟರಿ ಗನ್ ಗಿರ್ರೆಂದು ತಿರುಗುತ್ತಿತ್ತು. ಚಕ್ರ ಬಿಚ್ಚುವುದನ್ನು ನೋಡಲೆಂದು ಬಗ್ಗಿದ ಆ ಮನುಷ್ಯನ ಕೊರಳಿಂದ ಗುರುತಿನ ಚೀಟಿಯೊಂದು ಜೋತುಬಿದ್ದಿತ್ತು. ಅದರ ಉದ್ದನೆಯ ನೀಲಿ ಪಟ್ಟಿ, ಗನ್ನಿನ ತುದಿಯಲ್ಲಿ ತಿರುಗುವ ಸಾಕೆಟ್ಟಿಗೆ ನಾಲ್ಕೇ ಬೆರಳಿನಷ್ಟು ದೂರದಲ್ಲಿ ತೂಗುತ್ತಿತ್ತು.

ಅವಳು ಗನ್ನಿನ ಗುಂಡಿಯಿಂದ ಬೆರಳು ತೆಗೆದು, ಇನ್ನೊಂದು ಕೈಯಿಂದ ಆ ಪಟ್ಟಿಯನ್ನು ಹಿಡಿದು ಪಕ್ಕಕ್ಕೆ ಎಳೆದಳು. ಪಟ್ಟಿಯ ಜೊತೆಗೆ ಮನುಷ್ಯನೂ ಬಂದ. ಮಂಡಿಯೂರಿ ಅವಳ ಮುಖಕ್ಕೆ ಮುಖ ಕೊಟ್ಟು ಕುಳಿತ.

"ಕತ್ತು ನೋಯ್ತಿದೆ," ಎಂದ ಅವನು, ಮೆಲ್ಲಗೆ.

"ಪಟ್ಟಿ ಗನ್ನಿಗೆ ಸುತ್ತಿಕೊಂಡಿದ್ರೆ ನೋಯೋಕೆ ಕತ್ತೇ ಇರ್ತಿರಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ರೇಗುತ್ತಿದ್ದರು. ಅವನು ನಕ್ಕ. ಚೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ತಪ್ಪು ಮಾಡಿದ ಶಾಲಾ ಹುಡುಗನ ಹಾಗೆ ಗೋಡೆಗೆ ಒರಗಿ ನಿಂತ. ಅವಳು ಕಣ್ಣಿನ ಕನ್ನಡಕ ಸರಿಮಾಡಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದಳು.

ಅದು ಅವಳ ಚಿಕ್ಕಮ್ಮನ ಟೈರ್ ಅಂಗಡಿ. ಎರಡು ವರ್ಷದ ಹಿಂದೆ ಬೇರೆ ಕೆಲಸ ಸಿಗದೆ ಸುಮ್ಮನೆ ಬಂದು ಕುಳಿತವಳನ್ನು ಚಿಕ್ಕಮ್ಮ ಎಬ್ಬಿಸಿ ಕೈಗೆ ಗನ್ ಕೊಟ್ಟಿದ್ದಳು. ಕೊಟ್ಟ ಮೇಲೆ ಜೀವ ತಿಂದಿದ್ದಳು. ಜಡೆ ಟೋಪಿಯೊಳಗೆ ಇರಬೇಕು. ಕಣ್ಣಿಗೆ ಕನ್ನಡಕ ಬೇಕು. ಬೆಳ್ಳಗೆ ಹೊಳೆಯುವ ಸಾಕೆಟ್ ಗನ್ನಿನ ಏಟಿಗೆ ಸಿಡಿಯುತ್ತದೆ, ದಪ್ಪನೆಯ ಕಪ್ಪು ಸಾಕೆಟ್ಟೇ ಆಗಬೇಕು. ಸಾಕೆಟ್ ಬದಲಿಸುವಾಗ ಮೊದಲು ಬ್ಯಾಟರಿ ಕಳಚಬೇಕು. ನಟ್ಟನ್ನು ಮೊದಲು ಬೆರಳಿನಲ್ಲೇ ನಾಲ್ಕು ಸುತ್ತು ಕೂರಿಸಿ, ಆಮೇಲೆ ಎದುರುಬದುರಾಗಿ ಒಂದೊಂದಕ್ಕೇ ಗನ್ ಹಿಡಿಯಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ಕೊನೆಯದು. "ಗನ್ ನಟ್ಟನ್ನ ಕೂರಿಸುತ್ತೆ, ಅಷ್ಟೇ. ಅದರ ಸದ್ದು ಕೇಳಿ ಬಿಗಿಯಾಯ್ತು ಅಂದ್ಕೋಬೇಡ ಪುಟ್ಟಿ. ಚಕ್ರ ನೆಲಕ್ಕೆ ಇಳಿಸಿ, ಬಿಗಿ ಅಳೆಯೋ ಟಾರ್ಕ್ ರೆಂಚ್ ಹಾಕಿ, 'ಕ್ಲಿಕ್' ಅನ್ನೋ ತನಕ ಕೈಯಲ್ಲಿ ಎಳಿ. ಅಲ್ಲೀವರೆಗೂ ಗಾಡಿ ನಿಂದು, ಗಿರಾಕೀದಲ್ಲ."

ಅವತ್ತು ಅವನ ವ್ಯಾನಿಗೂ ಹಾಗೆಯೇ ಮಾಡಿ, ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದಳು. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಬನ್ನಿ, ಬಿಗಿ ನೋಡಿಕೊಡುತ್ತೇನೆ ಎಂದು. ಈ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಒಬ್ಬರೂ ಬರುವುದಿಲ್ಲ.

ಅವನು ಮರುದಿನವೇ ಬಂದ!

ಡಯಾಲಿಸಿಸ್ ಕೇಂದ್ರದ ವ್ಯಾನ್ ಅವನದು. ರೋಗಿಗಳನ್ನು ಮನೆಯಿಂದ ಕರೆದೊಯ್ದು, ಮತ್ತೆ ಮನೆ ಮುಟ್ಟಿಸುವ ಕೆಲಸ. ಎರಡು ತಿಂಗಳಲ್ಲಿ ಒಂಬತ್ತು ಸಲ ಬಂದ. ಬಂದಾಗಲೆಲ್ಲ ಗೋಡೆಗೆ ಒರಗಿ ನಿಂತು ಮಾತಾಡುತ್ತಿದ್ದ. ನೀರಿನ ಟ್ಯಾಂಕಿನ ಪಕ್ಕದ ಮನೆಯ ಮೇಷ್ಟ್ರು ದಾರಿಯುದ್ದಕ್ಕೂ ಲೆಕ್ಕ ಕೇಳುತ್ತಾರೆ, ಆಮೇಲೆ ಬಟ್ಟೆ ಹೊಲಿಯುವ ಹೆಂಗಸು ಹತ್ತುತ್ತಾರೆ, ಕೊನೆಗೆ ದಿಬ್ಬದ ಮೇಲಿನ ಮನೆಯ ಅಜ್ಜಿ, ಅವರು ಹತ್ತಿದರೆ ವ್ಯಾನಿನಲ್ಲಿ ನಗು ನಿಲ್ಲುವುದಿಲ್ಲ... ಅವಳು ಹ್ಞೂಂ ಎನ್ನದೆ ಕೆಲಸ ಮಾಡುತ್ತಿದ್ದಳು. ಆದರೆ ಒಂದು ಮಾತನ್ನೂ ಮರೆಯುತ್ತಿರಲಿಲ್ಲ. ಚಿಕ್ಕಮ್ಮ ಬೇರೆ ಕಡೆ ತಿರುಗಿ ನಗು ನುಂಗಿಕೊಳ್ಳುತ್ತಿದ್ದಳು.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು.

ಹೊರಡುವ ಮುನ್ನ ಅವನು ತನ್ನ ಡಬ್ಬಿಯಿಂದ ಹಳೆಯ ಸ್ಪ್ಯಾನರ್ ತೆಗೆದು, ಅವಳು ಬಿಗಿಮಾಡಿದ ಒಂದೊಂದು ನಟ್ಟನ್ನೂ ತಾನೇ ಒತ್ತಿ ನೋಡುತ್ತಿದ್ದ. ಒಂಬತ್ತು ಸಲವೂ!

ಅದು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. 'ಗಂಡಸರು ಯಾರೂ ಇಲ್ವಾ?' ಎಂದು ಕೇಳುವ ಗಿರಾಕಿಗಳನ್ನು ಅವಳು ದಿನವೂ ನೋಡುತ್ತಿದ್ದಳು. ಅವರು ಬಾಯಿಬಿಟ್ಟು ಕೇಳುತ್ತಾರೆ. ಇವನು ನಗುನಗುತ್ತಾ ಸ್ಪ್ಯಾನರ್ ತೆಗೆಯುತ್ತಾನೆ. ವ್ಯತ್ಯಾಸ ಇಷ್ಟೇ ತಾನೆ? ಕೇಳಿಬಿಡಬಹುದಿತ್ತು. ಕೇಳಿದರೆ ಎಲ್ಲಿ ಹೌದು ಎಂದುಬಿಡುತ್ತಾನೋ ಎಂಬ ಭಯ.

ಹೀಗಿರುವಾಗ ಒಂದು ಬೆಳಿಗ್ಗೆ ಅಂಥವನೇ ಒಬ್ಬ ಗಿರಾಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಕಾರು ಹಿಂದಕ್ಕೆ ತೆಗೆದುಕೊಂಡು ಹೋಗಿದ್ದ. ಅವಳ ಮುಖ ಇನ್ನೂ ಉರಿಯುತ್ತಿತ್ತು. ಆಗತಾನೇ ಬಂದ ಚಹಾವನ್ನು ಕುಡಿಯಲೂ ಮನಸ್ಸಿಲ್ಲದೆ ಟಾರ್ಕ್ ರೆಂಚಿನ ಪೆಟ್ಟಿಗೆಯ ಮೇಲೆ ಇಟ್ಟಳು. ಅಷ್ಟರಲ್ಲಿ ವ್ಯಾನ್ ಬಂತು. ಎಡಗಡೆಯ ಹಿಂದಿನ ಚಕ್ರ ಪಂಕ್ಚರ್.

ಚಿಕ್ಕಮ್ಮ ಸಾಮಾನು ತರಲು ಹೋಗಿದ್ದಳು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಎಂದಿನಂತೆ ಮಾತಾಡದೆ ಕೈ ಹಿಸುಕಿಕೊಳ್ಳುತ್ತಿದ್ದ. ಅವಳು ಪಂಕ್ಚರ್ ಹಾಕಿ, ಚಕ್ರ ಕೂರಿಸಿ, ಆರು ನಟ್ಟಿಗೂ ಗನ್ ಹಿಡಿದು, ಜ್ಯಾಕ್ ಇಳಿಸಿದಳು.

"ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು..." ಎಂದ.

ತಿರುಗಿ ನೋಡಿದಳು. ಅವನ ಕೈಯಲ್ಲಿ ಆಗಲೇ ಆ ಸ್ಪ್ಯಾನರ್ ಇತ್ತು.

ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಲೇ ಹೊರಬಂತು. "ನನ್ನ ಕೈಮೇಲೆ ನಂಬಿಕೆ ಇಲ್ದಿದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ. ಪ್ರತಿ ಸಲ ಹೀಗೆ ಅವಮಾನ ಮಾಡಬೇಡಿ."

ಅವನ ಮುಖ ಸಪ್ಪಗಾಯಿತು. ಸ್ಪ್ಯಾನರ್ ಡಬ್ಬಿಗೆ ಹಾಕಿದ. ವ್ಯಾನ್ ಹತ್ತಿ ಹೊರಟೇಹೋದ.

ಹೋಗಲಿ, ಎಂದುಕೊಂಡಳು. ಕಣ್ಣು ಒರೆಸಿಕೊಂಡಳು. ಹೋಗಲಿ...

ಅರ್ಧ ಗಂಟೆಯ ಮೇಲೆ ಮತ್ತೊಂದು ಕಾರು ಬಂತು. ಗನ್ ಎತ್ತಿ ಗುಂಡಿ ಒತ್ತಿದಳು. ಅದು ಒಮ್ಮೆ ನರಳಿ, ಸುಮ್ಮನಾಯಿತು. ಬ್ಯಾಟರಿ ಪೂರ್ತಿ ಇಳಿದಿತ್ತು.

ಅವಳ ಕೈ ಅಲ್ಲೇ ನಿಂತಿತು.

ಈ ಬ್ಯಾಟರಿಯ ಕೊನೆಯ ಕೆಲಸ ಆ ವ್ಯಾನಿನದು. ಬ್ಯಾಟರಿ ಸೋತ ಗನ್ ಸದ್ದೇನೋ ಮಾಡುತ್ತದೆ, ಬಿಗಿ ಮಾಡುವುದಿಲ್ಲ. ಪರವಾಗಿಲ್ಲ, ಆಮೇಲೆ ಟಾರ್ಕ್ ರೆಂಚ್ ಹಾಕಿದ್ದೇನಲ್ಲ... ಹಾಕಿದ್ದೇನೆಯೇ?

ಪೆಟ್ಟಿಗೆಯ ಕಡೆ ನೋಡಿದಳು. ಬೆಳಗಿನ ಚಹಾದ ಲೋಟ ಅದರ ಮುಚ್ಚಳದ ಮೇಲೆ ಹಾಗೆಯೇ ಇತ್ತು, ತುಂಬಿದ್ದು ತುಂಬಿದ ಹಾಗೆ. ಪೆಟ್ಟಿಗೆಯನ್ನು ಯಾರೂ ತೆರೆದೇ ಇರಲಿಲ್ಲ.

ಆರು ನಟ್ಟು. ಒಂದೂ ಬಿಗಿಯಾಗಿಲ್ಲ. ಅವನು ತಾನೇ ನೋಡುತ್ತಿದ್ದ, ಪ್ರತಿ ಸಲವೂ ನೋಡುತ್ತಿದ್ದ... ಇವತ್ತು ನೋಡಬೇಡಿ ಎಂದವಳು ತಾನೇ!

ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಓಡಿಸುವಾಗ ಅವನು ಫೋನ್ ಮುಟ್ಟುವುದಿಲ್ಲ, ಅದನ್ನೂ ಅವನೇ ಹೇಳಿದ್ದ. ಮತ್ತೆ ಮಾಡಿದಳು. ಮತ್ತೆ.

ಅಷ್ಟರಲ್ಲಿ ಬಂದ ಚಿಕ್ಕಮ್ಮ ಅವಳ ಮುಖ ನೋಡಿ ಸಾಮಾನನ್ನು ಅಲ್ಲೇ ಇಳಿಸಿದಳು. ವಿಷಯ ಕೇಳಿ ಬೈಯಲಿಲ್ಲ. ಅದು ಬೈಗುಳಕ್ಕಿಂತ ಭಯಂಕರವಾಗಿತ್ತು. ಕೇಂದ್ರಕ್ಕೆ ನಾನು ಫೋನ್ ಮಾಡುತ್ತೇನೆ, ನೀನು ಹೊರಡು ಎಂದು ಸ್ಕೂಟರಿನ ಕೀಲಿ ಕೊಟ್ಟಳು.

ರೆಂಚಿನ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಸ್ಕೂಟರ್ ಓಡಿಸಿದಳು. ನೀರಿನ ಟ್ಯಾಂಕಿನ ಪಕ್ಕದ ಮನೆಯವರು, ಮೇಷ್ಟ್ರು ಹೋಗಿ ಆಗಲೇ ಹದಿನೈದು ನಿಮಿಷವಾಯಿತು ಎಂದರು. ಬಟ್ಟೆ ಹೊಲಿಯುವವರ ಮನೆಗೆ ಬೀಗ. ಎದುರುಮನೆಯವರು, ಈಗತಾನೇ ಹೋಯಿತು, ವ್ಯಾನ್ ಯಾಕೋ ಸ್ವಲ್ಪ ಅಲುಗುತ್ತಿತ್ತು ಎಂದರು.

ಅಲುಗುತ್ತಿತ್ತು!

ಉಳಿದದ್ದು ದಿಬ್ಬದ ಮೇಲಿನ ಅಜ್ಜಿಯ ಮನೆ. ಅಲ್ಲಿಂದಾಚೆ ಉದ್ದನೆಯ ಇಳಿಜಾರು, ಇಳಿಜಾರಿನ ಕೊನೆಗೆ ಸೇತುವೆ. ಅದಕ್ಕೆ ಮೊದಲು ಹಿಡಿಯಲೇಬೇಕು. ದಿಬ್ಬದ ಬುಡಕ್ಕೆ ಬಂದಳು. ರೈಲ್ವೆ ಗೇಟು ಅವಳ ಕಣ್ಣೆದುರಿಗೇ ಇಳಿಯಿತು.

ಗೂಡ್ಸ್ ರೈಲು. ಒಂದರ ಹಿಂದೆ ಒಂದು ಡಬ್ಬಿ, ಮುಗಿಯುವುದೇ ಇಲ್ಲ. ಪ್ರತಿ ಡಬ್ಬಿಯ ಚಕ್ರವೂ ಅವಳಿಗೆ ಆ ಒಂದೇ ಚಕ್ರದಂತೆ ಕಾಣುತ್ತಿತ್ತು. ಈಗ ಅಜ್ಜಿಯನ್ನು ಹತ್ತಿಸುತ್ತಿರಬಹುದು... ಈಗ ಬಾಗಿಲು ಹಾಕಿರಬಹುದು... ಈಗ ಇಳಿಜಾರು... ಇಲ್ಲ, ಇಲ್ಲ! ಅಜ್ಜಿ ನಿಧಾನ, ಅವರ ಮಂಡಿ ನೋವು ಇವತ್ತು ಜೋರಾಗಿರಲಿ. ಅಯ್ಯೋ, ಎಂಥ ಬೇಡಿಕೆ ಇದು! ಆದರೂ ಬೇಡಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೈ ಹ್ಯಾಂಡಲ್ ಬಿಡಲಿಲ್ಲ.

ಗೇಟು ಪೂರ್ತಿ ಏಳುವ ಮೊದಲೇ ತಲೆ ಬಗ್ಗಿಸಿ ನುಗ್ಗಿದಳು.

ದಿಬ್ಬದ ಮೇಲೆ ವ್ಯಾನ್ ನಿಂತಿತ್ತು. ಅಜ್ಜಿ ಒಳಗೆ ಕುಳಿತಾಗಿತ್ತು, ಅವನು ಬಾಗಿಲು ಹಾಕಿ ತನ್ನ ಜಾಗಕ್ಕೆ ಹೋಗುತ್ತಿದ್ದ. ಅವಳು ಸ್ಕೂಟರನ್ನು ವ್ಯಾನಿನ ಮುಂದೆಯೇ ಅಡ್ಡ ನಿಲ್ಲಿಸಿದಳು.

"ಏನಾಯ್ತು?" ಎಂದ ಅವನು, ಗಾಬರಿಯಾಗಿ.

ಹ್ಯಾಂಡ್ ಬ್ರೇಕ್ ಹಾಕಿ ಎಂದು ಸನ್ನೆ ಮಾಡಿ, ಪೆಟ್ಟಿಗೆ ತೆರೆದು ಚಕ್ರದ ಮುಂದೆ ಕುಳಿತಳು. ಮೊದಲನೆಯ ನಟ್ಟು ಕಾಲು ಸುತ್ತು ತಿರುಗಿ ಕ್ಲಿಕ್ ಎಂದಿತು. ಎದುರಿನದು ಅರ್ಧ ಸುತ್ತು. ಮೂರನೆಯದು ಬೆರಳಿಗೇ ತಿರುಗಿತು. ಅದನ್ನು ಅವನೂ ನೋಡಿದ.

ಆರೂ ಕ್ಲಿಕ್ ಎಂದ ಮೇಲೆ ಇನ್ನೊಮ್ಮೆ ಸುತ್ತಿ ಬಂದಳು. ಉಳಿದ ಮೂರು ಚಕ್ರಗಳನ್ನೂ ಬಿಡಲಿಲ್ಲ. ಆಮೇಲೆ ಎದ್ದು ನಿಂತಳು. ಮಾಮೂಲಿ ತಪಾಸಣೆ ಎಂದು ಹೇಳಿ ಹೊರಟುಬಿಡಬಹುದಿತ್ತು. ಒಳಗೆ ಕುಳಿತ ಮೂವರಿಗೂ ಏನೂ ತಿಳಿಯುತ್ತಿರಲಿಲ್ಲ. ಅವಳು ಅವರ ಕಿಟಕಿಯ ಮುಂದೆಯೇ ನಿಂತು, ತಪ್ಪು ನನ್ನದು, ಕೋಪದಲ್ಲಿ ಈ ಚಕ್ರ ಬಿಗಿ ಮಾಡದೆ ಕಳಿಸಿದ್ದೆ ಎಂದು ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹೊಲಿಗೆಯ ಹೆಂಗಸು ಎದೆ ಮುಟ್ಟಿಕೊಂಡರು.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮುಗಿಯಿತು, ಎಂದುಕೊಂಡಳು. ಇನ್ನು ಇವನು ಈ ಜನ್ಮದಲ್ಲಿ ಅಂಗಡಿಯ ಕಡೆ ತಲೆ ಹಾಕುವುದಿಲ್ಲ.

"ನಾಲ್ಕು ವರ್ಷದ ಹಿಂದೆ," ಎಂದ ಅವನು, "ನಾನು ಓಡಿಸ್ತಿದ್ದ ಗಾಡಿಯ ಚಕ್ರ ಕಳಚಿತ್ತು. ಪಕ್ಕದಲ್ಲಿ ನಮ್ಮಣ್ಣ ಕೂತಿದ್ದ. ಅವನ ಒಂದು ಕಾಲು ಹೋಯ್ತು. ಅವತ್ತಿಂದ ಯಾರೇ ಬಿಗಿ ಮಾಡಿರಲಿ, ಒಂದು ಸಲ ನಾನೂ ನೋಡದೆ ನನಗೆ ಹೊರಡೋಕಾಗಲ್ಲ."

"ಹೇಳಬಹುದಿತ್ತಲ್ಲ..." ಎಂದಳು.

"ಹೇಳಿದ್ರೆ ಪಾಪ ಅಂತ ನೋಡ್ತಿದ್ರಿ. ನನಗೆ ನಿಮ್ಮ ಬೈಗುಳವೇ ಚೆನ್ನಾಗಿತ್ತು." ನಗಲು ನೋಡಿದ, ಆಗಲಿಲ್ಲ. "ಇವತ್ತು ಒಂದೇ ದಿನ ನೋಡಲಿಲ್ಲ. ನಿಮ್ಮ ಮೇಲೆ ನಂಬಿಕೆ ಇದೆ ಅಂತ ತೋರಿಸೋಕೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಇನ್ಮೇಲೆ ನೋಡಿ. ನಾನು ಬೈದ್ರೂ ನೋಡಿ. ಮುನಿಸ್ಕೊಂಡ್ರೂ ನೋಡಿ."

"ನೋಡ್ತೀನಿ."

ಅವನು ಕರವಸ್ತ್ರ ಕೊಟ್ಟ. ಅವಳ ಗ್ರೀಸ್ ಹತ್ತಿದ ಕೈಗೆ ಅದು ಕ್ಷಣದಲ್ಲಿ ಕಪ್ಪಾಯಿತು.

"ಬೆಳಿಗ್ಗೆ ಏನೋ ಕೇಳಬೇಕು ಅಂದ್ರಲ್ಲ," ಎಂದಳು ಮೂಗು ಒರೆಸುತ್ತಾ.

"ಇಲ್ಲಿ ಬೇಡ. ಹೊತ್ತಾಗಿದೆ."

"ಬೇಗ ಕೇಳಪ್ಪ," ಎಂದರು ಕಿಟಕಿಯಿಂದ ಅಜ್ಜಿ. "ಅಲ್ಲಿ ನನ್ನ ಮೆಷಿನ್ ಕಾಯ್ತಿದೆ."

ಅವನ ಕಿವಿ ಕೆಂಪಾದವು. "ಗಾಡಿಗೆ ಏನೂ ಆಗದೇ ಇರೋ ದಿನಾನೂ ನಾನು ಬರಬಹುದಾ? ಅಂದ್ರೆ... ನಿಮ್ಮನ್ನ ನೋಡೋಕೆ. ನಿಮ್ಮ ಚಿಕ್ಕಮ್ಮನ ಹತ್ತಿರ ಮಾತಾಡೋಕೆ."

ಅವಳು ತಲೆ ತಗ್ಗಿಸಿದಳು. ಹೇಳಲೋ ಬೇಡವೋ ಎಂದು ತಡೆದು, ಹೇಳಿಯೇಬಿಟ್ಟಳು.

"ಗೇಟಿನ ಹತ್ತಿರ ನಿಂತಿದ್ದಾಗ... ವ್ಯಾನಲ್ಲಿ ಮೂರು ಜನ ಇದ್ದಾರೆ ಅಂತ ಗೊತ್ತಿತ್ತು. ಆದ್ರೆ ನಾನು ಬೇಡಿಕೊಂಡಿದ್ದು ನಿಮ್ಮೊಬ್ಬರಿಗೋಸ್ಕರ ಮಾತ್ರ. ನನಗೆ ಅದಕ್ಕೂ ನಾಚಿಕೆ ಆಗ್ತಿದೆ."

"ನಮಗೋಸ್ಕರ ಬೇಡಿಕೊಳ್ಳೋರು ನಮ್ಮ ಮನೇಲಿದ್ದಾರೆ, ಬಿಡಮ್ಮ," ಎಂದರು ಅಜ್ಜಿ.

ಅವನು ಗ್ರೀಸಿನ ಕೈ ಎಂದೂ ನೋಡದೆ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಹಾಗಾದ್ರೆ ಸಾಯಂಕಾಲ ಬರಲಾ?"

"ಬನ್ನಿ," ಎಂದಳು. "ನಿಧಾನಕ್ಕೆ ಓಡಿಸ್ಕೊಂಡು ಬನ್ನಿ."